ದವಾಖಾನೆಯಲ್ಲಿ ಆರ್ಡರ್ ಕೂಗುತ್ತಿದ್ದ ಸರ್ವೋತ್ತಮಣ್ಣ

ನಮ್ಮ ಡೊಂಬಿವಲಿ ಸಂಘದ ದವಾಖಾನೆಗೆ ಇಪ್ಪತ್ತೈದು ವರ್ಷ ತುಂಬಿದೆ. ಸ್ಮರಣ ಸಂಚಿಕೆ ತರುತ್ತಾರಂತೆ. ಸಂಘದ ಕಾರ್ಯದರ್ಶಿ ಮುರಾರಿ ಒಂದು ಸಂಜೆ ನನ್ನ ಔಷಧದ ಕಿಟಕಿಯೊಳಗೆ ತಲೆ ತೂರಿಸಿ, "ರತ್ನಕ್ಕ, ಇಲ್ಲಿ ಸೇವೆ ಮಾಡುವವರ ಪರಿಚಯ ನೀವೇ ಬರೀಬೇಕು. ಒಬ್ಬೊಬ್ಬರಿಗೆ ಆರು ಸಾಲು. ಮೊದಲು ಹೆಸರು, ಆಮೇಲೆ ಡಿಗ್ರಿ, ಆಮೇಲೆ ಅನುಭವ" ಎಂದರು. ಸರಿ ಎಂದೆ. ಮುರಾರಿಯ ಹತ್ತಿರ ಇಲ್ಲ ಎಂದರೆ ಅವರು ಅಲ್ಲೇ ನಿಂತುಬಿಡುತ್ತಾರೆ, ಹಿಂದೆ ಹನ್ನೆರಡು ಜನ ಮಾತ್ರೆಗೆ ಕಾಯುತ್ತಿದ್ದರೂ ಅವರಿಗೆ ಲೆಕ್ಕವಿಲ್ಲ.

ಹಾಗಾಗಿ ಮೊದಲು ಮುರಾರಿ ಹೇಳಿದಂತೆ. ಡಾಕ್ಟರ್ ನಿಶ್ಮಿತಾ, ಎಂಬಿಬಿಎಸ್, ಎಂಡಿ. ಹುಟ್ಟಿದ್ದು, ಬೆಳೆದದ್ದು ಇದೇ ಡೊಂಬಿವಲಿಯಲ್ಲಿ. ಹಗಲು ಠಾಣೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತೇ ಬಂದು, ಸಂಜೆ ಐದೂವರೆಗೆ ನಮ್ಮ ಪರದೆಯ ಹಿಂದೆ ಕೂರುತ್ತಾಳೆ. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿ ಬೆರೆತೇ ಬರುತ್ತದೆ, ಸಿಟ್ಟು ಬಂದರೆ ಮರಾಠಿಯಲ್ಲಿ. ದಿಶಾ, ಫಿಜಿಯೋಥೆರಪಿಸ್ಟ್. ಖಾರಘರದಿಂದ ವಾರಕ್ಕೆ ಮೂರು ಸಲ ಬರುತ್ತಾಳೆ. ಅವಳ ಕೋಣೆಗೆ ಮಾತ್ರ ಬಾಗಿಲಿದೆ. ಇನ್ನು ನಾನು ರತ್ನಾವತಿ, ಮೂವತ್ತು ವರ್ಷ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಮನೆಯಲ್ಲಿ ಕೂತರೆ ಸೊಸೆಗೆ ತೊಂದರೆ ಎಂದು ಇಲ್ಲಿ ಕೂತಿದ್ದೇನೆ.

ನಾಲ್ಕನೆಯವರು ಸರ್ವೋತ್ತಮಣ್ಣ. ಡಿಗ್ರಿ ಇಲ್ಲ. ಹುದ್ದೆಯ ಹೆಸರನ್ನು ಮುರಾರಿಯೂ ಇದುವರೆಗೆ ಯಾವ ಕಾಗದದಲ್ಲೂ ಬರೆದಿಲ್ಲ. ಬಾಗಿಲ ಬಳಿಯ ಮೇಜಿನ ಹಿಂದೆ ಕೂತು, ಬಂದವರನ್ನು ಮಾತಾಡಿಸಿ, ಒಬ್ಬೊಬ್ಬರನ್ನೇ ಒಳಗೆ ಕಳಿಸುವುದು ಅವರ ಕೆಲಸ. ಅವರಿಗೆ ಆರು ಸಾಲು ಸಾಲದು. ಮುರಾರಿಗೆ ಉದ್ದವಾಯಿತು ಎನಿಸಿದರೆ ಕತ್ತರಿ ಹಾಕಲಿ. ಹಾಕಿದ ಮರುದಿನದಿಂದ ಈ ಕಿಟಕಿಗೂ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.

ಸರ್ವೋತ್ತಮಣ್ಣ ಉಡುಪಿಯ ಕಡೆಯವರು. ಹದಿನೆಂಟಕ್ಕೆ ಬಂದು ಠಾಣೆ ಸ್ಟೇಷನ್ನಿನ ಬಳಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಸಪ್ಲೈಯರ್ ಆದರು. ಅಲ್ಲೇ ಇಪ್ಪತ್ತೆಂಟು ವರ್ಷ. ಹತ್ತು ಟೇಬಲ್ಲು, ಟೇಬಲ್ಲಿಗೆ ನಾಲ್ಕು ಜನ, ಆಫೀಸಿನ ಗಡಿಬಿಡಿಯ ಗಿರಾಕಿಗಳು. ಒಬ್ಬರಿಗೆ ಸಾದಾ, ಒಬ್ಬರಿಗೆ ಈರುಳ್ಳಿ ಹಾಕಿದ್ದು, ಮತ್ತೊಬ್ಬರಿಗೆ ಚಟ್ನಿ ಬೇರೆ ಬಟ್ಟಲಲ್ಲಿ. ಸರ್ವೋತ್ತಮಣ್ಣ ಕಾಗದ, ಪೆನ್ಸಿಲ್ ಮುಟ್ಟಿದವರಲ್ಲ. ಎಲ್ಲ ಕೇಳಿಕೊಂಡು ಅಡುಗೆಮನೆಯ ಕಿಂಡಿಗೆ ಬಂದು ಒಂದೇ ಉಸಿರಿನಲ್ಲಿ ಕೂಗಿದರೆ ಒಳಗಿನ ಭಟ್ಟರಿಗೆ ಮತ್ತೊಮ್ಮೆ ಕೇಳುವ ಪ್ರಮೇಯ ಇರಲಿಲ್ಲವಂತೆ. ಆ ಕಟ್ಟಡ ಕೆಡವಿ ಟವರ್ ಕಟ್ಟುವಾಗ ಹೋಟೆಲು ಹೋಯಿತು. ಆಗಿನ ನಮ್ಮ ವೈದ್ಯರು ಡಾಕ್ಟರ್ ರಘುಪತಿ. ಅದೇ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದವರು. "ನೀನು ನನ್ನ ಹತ್ತಿರ ಬಾ" ಎಂದು ಕರೆತಂದು ಬಾಗಿಲಲ್ಲಿ ಕೂರಿಸಿದರು.

ಬಾಗಿಲಲ್ಲಿ ಕೂತ ಮೊದಲ ದಿನವೇ ಸರ್ವೋತ್ತಮಣ್ಣ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ಬೆಂಚಿನ ಉದ್ದಕ್ಕೂ ನಡೆದು ಒಬ್ಬೊಬ್ಬರಿಗೂ ಏನು ತೊಂದರೆ ಎಂದು ಕೇಳಿಕೊಂಡರು. ಪರದೆಯ ಬಳಿಗೆ ಹೋಗಿ, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದರು.

"ಒಂದು ಬಿಪಿ, ಎರಡು ಶುಗರ್, ಒಂದು ಜ್ವರ ಅರ್ಜೆಂಟ್, ಒಂದು ಮೊಣಕಾಲು ಪಾರ್ಸೆಲ್!"

ಪಾರ್ಸೆಲ್ ಎಂದರೆ ರೋಗಿ ಬಂದಿಲ್ಲ, ಔಷಧ ಒಯ್ಯಲು ಮನೆಯವರು ಬಂದಿದ್ದಾರೆ ಎಂದು ಅರ್ಥ. ಬೆಂಚು ಘೊಳ್ಳೆಂದಿತು. ಒಳಗಿಂದ ರಘುಪತಿಯವರು, "ಅರ್ಜೆಂಟ್ ಮೊದಲು ಬರಲಿ" ಎಂದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಇಂಜೆಕ್ಷನ್ ಬೇಡ ಎನ್ನುವವರು "ಚುಚ್ಚದೆ ಒಂದು", ಎರಡೆರಡು ಕಾಯಿಲೆ ಇದ್ದವರು "ಮಿಕ್ಸ್". ಹದಿನೈದು ವರ್ಷದಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರ ಲೆಕ್ಕಕ್ಕೆ ಹೋದದ್ದಿಲ್ಲ. ಕಲ್ಯಾಣದಿಂದ, ಘೋಡಬಂದರ್ ರಸ್ತೆಯಿಂದ ಎರಡು ವಾಹನ ಬದಲಿಸಿ ಬರುವವರಿದ್ದರು. ಯಾಕೆ ಇಷ್ಟು ದೂರ ಎಂದರೆ, "ಅಲ್ಲಿ ಬೆಂಚಲ್ಲಿ ಕೂತರೇ ಅರ್ಧ ಹುಷಾರಾಗ್ತದೆ ಮಾರಾಯ್ರೆ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಅದನ್ನು ಈಗ ಮುಚ್ಚಿಡುವುದಿಲ್ಲ.

ಊರಿಗೆಲ್ಲ ನಗು ಹಂಚುತ್ತಿದ್ದ ಈ ಮನುಷ್ಯನಿಗೆ ಒಂದೇ ಒಂದು ಕೊರಗಿತ್ತು. ಅದನ್ನು ಅವರು ನನ್ನ ಕಿಟಕಿಯಲ್ಲಿ ಹೇಳಿಕೊಂಡದ್ದು ರಘುಪತಿಯವರು ನಿವೃತ್ತರಾದ ವರ್ಷ.

"ರತ್ನಕ್ಕ, ಇಲ್ಲಿ ನಲವತ್ತು ಜನರನ್ನು ನಗಿಸ್ತೇನೆ. ಮನೆಯಲ್ಲಿ ಇರುದು ಒಂದೇ ಗಿರಾಕಿ. ಅವಳು ನಗುದಿಲ್ಲ."

ಅವರ ಹೆಂಡತಿ ಜಯಲತಾ. ಆಕೆಯ ನಗು ಕೇಳದವರು ನಮ್ಮ ಸಂಘದಲ್ಲಿ ಇರಲಿಲ್ಲ. ದೊಡ್ಡ ಗಂಟಲಿನ, ಯಾವ ಮುಲಾಜೂ ಇಲ್ಲದ ನಗು. ಅವರ ಕಟ್ಟಡದಲ್ಲಿ ಮೂರನೇ ಮಹಡಿಯಲ್ಲಿ ಆಕೆ ನಕ್ಕರೆ ಕೆಳಗೆ ತರಕಾರಿ ಕೊಳ್ಳುವವರು ತಲೆ ಎತ್ತಿ ನೋಡುತ್ತಿದ್ದರು. ಮದುವೆಯಾದಾಗಿನಿಂದ ಸರ್ವೋತ್ತಮಣ್ಣನ ಎಲ್ಲ ತಮಾಷೆಗಳ ಪರೀಕ್ಷೆ ಮೊದಲು ಅಡುಗೆಮನೆಯಲ್ಲಿ. ಜಯಲತಾ ನಕ್ಕರೆ ಮಾತ್ರ ಅದು ಹೊರಗೆ ಬರುತ್ತಿತ್ತು. ಆ ಹೆಂಗಸು ಎರಡು ವರ್ಷದಿಂದ ನಕ್ಕಿರಲಿಲ್ಲ. ಗಂಡ ಏನಾದರೂ ಶುರು ಮಾಡಿದರೆ ಸಾಕು, ಬಾಯಿ ಬಿಗಿದುಕೊಂಡು ಎದ್ದು ಒಳಗೆ ಹೋಗುತ್ತಿದ್ದಳು. ಭಜನೆಗೆ ಬರುವುದನ್ನು ಬಿಟ್ಟಳು. ಮದುವೆ, ಮುಂಜಿಗೂ ಗಂಡನೊಬ್ಬನನ್ನೇ ಕಳಿಸುತ್ತಿದ್ದಳು.

"ನನ್ನನ್ನು ಕಂಡರೆ ಅವಳಿಗೆ ಸಾಕಾಗಿದೆ ಕಾಣ್ತದೆ," ಎಂದರು ಸರ್ವೋತ್ತಮಣ್ಣ. ಅರವತ್ತು ದಾಟಿದ ಗಂಡಸು ಹಾಗೆ ಹೇಳುವಾಗ ನೋಡಲಾಗುವುದಿಲ್ಲ. ನಾನು ಕೋಪ ಮಾಡಿಕೊಂಡು, "ಎಂತದು ಹುಚ್ಚು ಮಾತು" ಎಂದು ಎರಡು ಸಲ ಮಾತ್ರೆ ಎಣಿಸಿದೆ.

ಗಿರಾಕಿ ತಿನ್ನದಿದ್ದರೆ ಹೋಟೆಲಿನವರು ಏನು ಮಾಡುತ್ತಾರೆ? ಐಟಂ ಬದಲಾಯಿಸುತ್ತಾರೆ. ಸರ್ವೋತ್ತಮಣ್ಣ ಮಾಡಿದ್ದೂ ಅದೇ. ಫೋನಿನಲ್ಲಿ ಬರುವ ಹೊಸ ಜೋಕುಗಳನ್ನು ಬಾಯಿಪಾಠ ಮಾಡಿ ಹೇಳಿದರು. ಒಂದು ಭಾನುವಾರ ಠಾಣೆಯ ತಲಾವ್ ಪಾಳಿ ಕೆರೆಗೆ ಕರೆದೊಯ್ದು ದೋಣಿಯಲ್ಲಿ ಕೂರಿಸುವುದೆಂದಾಯಿತು. ಹೋದ ಕೂಡಲೇ ಜಯಲತಾ ಕೇಳಿದ್ದು, ಇಲ್ಲಿ ಬಾತ್‌ರೂಮ್ ಎಲ್ಲಿದೆ ಎಂದು. ದೂರ ಇದೆ ಎಂದು ತಿಳಿದ ಮೇಲೆ ದೋಣಿ ಬೇಡ ಎಂದಳು. ಕೆರೆಯ ದಂಡೆಯಲ್ಲಿ ಕಡಲೆಕಾಯಿ ತಿಂದು ಇಬ್ಬರೂ ವಾಪಸಾದರು. ಇದನ್ನು ಕೇಳಿದ ನನಗಾದರೂ ಹೊಳೆಯಬೇಕಿತ್ತು. ಮೂವತ್ತು ವರ್ಷ ಔಷಧ ಕೊಟ್ಟವಳು ನಾನು. ಹೊಳೆಯಲಿಲ್ಲ.

ಆ ಹೊತ್ತಿಗೆ ನಿಶ್ಮಿತಾ ಬಂದಳು. ಬಂದ ಮೊದಲ ಸಂಜೆ ಪರದೆಯ ಆಚೆ ಕೂತು ಪೆನ್ನು ತೆರೆದಿದ್ದಾಳೆ, ಈಚೆಯಿಂದ ಸರ್ವೋತ್ತಮಣ್ಣ, "ಎರಡು ಶುಗರ್, ಒಂದು ಭೇದಿ ಅರ್ಜೆಂಟ್, ಒಂದು ಮೂಲವ್ಯಾಧಿ!" ಎಂದು ಕೂಗಿದರು. ಪರದೆ ಸರ್‍ರೆಂದು ಸರಿಯಿತು.

"ಅಂಕಲ್, ಯೇ ಕ್ಯಾ ಹೈ?"

"ಆರ್ಡರ್, ಡಾಕ್ಟ್ರೇ."

"ಐಸಾ ನಹೀಂ ಚಲೇಗಾ. ಯಾರಿಗೆ ಏನು ಕಾಯಿಲೆ ಅಂತ ಇನ್ನೊಬ್ಬರಿಗೆ ಗೊತ್ತಾಗಬಾರದು. ಪ್ರೈವಸಿ."

"ಇಲ್ಲಿ ಎಲ್ಲರೂ ನಮ್ಮವರೇ ಅಲ್ವಾ?"

"ಅದಕ್ಕೇ!" ಎಂದಳು ನಿಶ್ಮಿತಾ, ಈ ಸಲ ಅಪ್ಪಟ ಕನ್ನಡದಲ್ಲಿ. ಪರದೆ ಮುಚ್ಚಿತು.

ಸರ್ವೋತ್ತಮಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ನಗುನಗುತ್ತ ಬಂದು ಪರದೆಯ ಬಳಿ ನಿಂತು, "ಎರಡು ಶೀರಾ, ಒಂದು ಇಡ್ಲಿ, ಒಂದು ವಡೆ ಪಾರ್ಸೆಲ್" ಎಂದರು. ಕಾಯಿಲೆಗಳಿಗೆಲ್ಲ ತಿಂಡಿಯ ಹೆಸರಿಟ್ಟಿದ್ದರು. ಶೀರಾ ಅಂದರೆ ಸಕ್ಕರೆ ಕಾಯಿಲೆ. ಉಪ್ಪು ಕಡಿಮೆ ಇರಬೇಕಾದ್ದರಿಂದ ಇಡ್ಲಿ ಅಂದರೆ ಬಿಪಿ. ವಡೆ ಮೊಣಕಾಲು. ನೀರು ಚಟ್ನಿ ಏನೆಂದು ನಾನು ಬರೆಯುವುದಿಲ್ಲ. ಪಟ್ಟಿಯನ್ನು ಡಾಕ್ಟರ ಮೇಜಿನ ಗಾಜಿನ ಕೆಳಗೆ ತಾವೇ ಸೇರಿಸಿದ್ದರು. ಕನ್ನಡ ಓದಲು ಬಾರದ ನಿಶ್ಮಿತಾ ಅದನ್ನು ನನ್ನಿಂದ ಓದಿಸಿಕೊಂಡು ಟೇಬಲ್ಲಿಗೆ ಹಣೆ ಹಚ್ಚಿ ನಕ್ಕಳು, ಮತ್ತೆ ತಲೆಯೆತ್ತಿ ನಕ್ಕಿಲ್ಲದವಳ ಹಾಗೆ ಕೂತಳು. ಒಂದು ವಾರ ನಡೆಯಲಿ ಎಂದು ಬಿಟ್ಟಳು.

ಒಂದು ವಾರವೂ ನಡೆಯಲಿಲ್ಲ. ನಾಲ್ಕನೇ ದಿನಕ್ಕೆ ಬೆಂಚಿಗೆಲ್ಲ ಪಟ್ಟಿ ಬಾಯಿಗೆ ಬಂದಿತ್ತು. ಒಬ್ಬ ಹಿರಿಯರು ಕೋಲು ಕುಟ್ಟಿ, "ಸರ್ವೋತ್ತಮ, ನನ್ನನ್ನು ಶೀರಾ ಅಂತ ಯಾಕೆ ಕೂಗಿದ್ದು? ನಾನು ವಡೆ! ಮಗನಿಗೆ ಸಂಬಂಧ ನೋಡ್ತಾ ಇದ್ದೇವೆ, ಮನೆಯಲ್ಲಿ ಶುಗರ್ ಉಂಟು ಅಂತ ಸುದ್ದಿ ಆದ್ರೆ?" ಎಂದು ರೇಗಿದರು. ಹೊಸದಾಗಿ ಬಂದಿದ್ದ ಚಂದ್ರಬಾಯಿ ಎಂಬ ಮರಾಠಿ ಹೆಂಗಸು, ಜ್ವರದಲ್ಲೂ ಎದ್ದು ನನ್ನ ಕಿಟಕಿಗೆ ಬಂದು, ಕ್ಯಾಂಟೀನ್ ಯಾವ ಕಡೆ ಎಂದು ಕೇಳಿದಳು.

ಅಂದು ದವಾಖಾನೆ ಮುಚ್ಚುವ ಮುನ್ನ ನಿಶ್ಮಿತಾ ಹೊರಗೆ ಬಂದು ಅವರ ಎದುರು ಕೂತಳು. ನಾನು ಕಪಾಟಿಗೆ ಬೀಗ ಹಾಕುತ್ತಿದ್ದೆ, ಅಂದರೆ ಬೀಗ ಹಾಕುವುದನ್ನು ನಿಧಾನ ಮಾಡುತ್ತಿದ್ದೆ.

"ಅಂಕಲ್, ನಾಳೆಯಿಂದ ಬರೀ ನಂಬರ್. ಬಂದವರಿಗೆ ಚೀಟಿ ಕೊಡಿ, ನಂಬರ್ ಕರೀರಿ. ಏನಾಗಿದೆ ಅಂತ ಕೇಳಬೇಡಿ. ನಿಮ್ಮ ಕೂಗಿಗೆ ಹೆದರಿ ಬಾರದೆ ಇರುವವರು ಎಷ್ಟು ಜನ ಇರಬಹುದು, ಸೋಚಾ ಹೈ ಕಭೀ?"

"ಬಾರದವರಾ?" ಸರ್ವೋತ್ತಮಣ್ಣನ ಧ್ವನಿ ಏರಿತು. "ಒಬ್ಬರ ಹೆಸರು ಹೇಳಿ ನೋಡುವಾ. ಒಂದೇ ಒಂದು ಹೆಸರು."

ನಿಶ್ಮಿತಾ ಹತ್ತಿರ ಹೆಸರಿರಲಿಲ್ಲ. ಇದ್ದರೂ ಹೇಳುವವಳಲ್ಲ.

"ಬಾಯಿ ಮುಚ್ಚಿ ಸಪ್ಲೈ ಮಾಡುದಾದ್ರೆ ಒಂದು ಮಷೀನ್ ತಂದು ಇಡಿ. ಈ ತಿಂಗಳ ಕೊನೆಗೆ ನಾನು ಹೋಗ್ತೇನೆ," ಎಂದು ಅವರು ಎದ್ದರು. ಮನೆಯಲ್ಲಿ ನಗದವಳೊಬ್ಬಳು, ಇಲ್ಲಿ ನಗಿಸಬೇಡ ಎನ್ನುವವಳೊಬ್ಬಳು. ಅವರಿಗೆ ಹೋಗಲು ಬೇರೆ ಜಾಗ ಎಲ್ಲಿತ್ತು? ಮುರಾರಿ ಎರಡೂ ಕಡೆ ಓಡಾಡಿ, ಎರಡೂ ಕಡೆ ಬೈಸಿಕೊಂಡು ಸುಮ್ಮನಾದರು.

ಅದೇ ತಿಂಗಳ ನಾಲ್ಕನೇ ಶನಿವಾರ ಮಧ್ಯಾಹ್ನ ಸಂಘದ ಹಾಲ್‌ನಲ್ಲಿ ಹೆಂಗಸರಿಗೆಂದೇ ಒಂದು ಕಾರ್ಯಕ್ರಮವಾಯಿತು. ಗಂಡಸರಿಗೆ ಪ್ರವೇಶವಿಲ್ಲ, ಮುರಾರಿಗೂ ಇಲ್ಲ. ನಾನು ಜಯಲತಾಳ ಮನೆಗೆ ಹೋಗಿ, ಸೀರೆ ಉಡಿಸುವುದೊಂದು ಬಾಕಿ ಎನ್ನುವಂತೆ ಎಳೆದುಕೊಂಡು ಬಂದೆ. ಬಂದವಳು ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದಳು. ಬಿರುಬೇಸಗೆಯ ಆ ಮಧ್ಯಾಹ್ನ ನೀರು ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

ನಿಶ್ಮಿತಾ ಮತ್ತು ದಿಶಾ ಮುಂದೆ ನಿಂತರು. ಸಕ್ಕರೆ, ಬೆನ್ನುನೋವು ಎಲ್ಲ ಆಯಿತು. ಆಮೇಲೆ ನಿಶ್ಮಿತಾ, "ಆಂಟಿಲೋಗ್, ಈಗ ಎಲ್ಲರೂ ಕಣ್ಣು ಮುಚ್ಚಿ. ಯಾರೂ ನೋಡಬಾರದು. ನಗುವಾಗ, ಕೆಮ್ಮುವಾಗ, ಸೀನುವಾಗ ಯಾರಿಗೆಲ್ಲ ಮೂತ್ರ ಹನಿಯುತ್ತದೆ? ಕೈ ಎತ್ತಿ," ಎಂದಳು.

ನಾನು ಕೈ ಎತ್ತಿದೆ. ಹೌದು, ನಾನೇ. ಇಷ್ಟು ವಯಸ್ಸಾದ ಮೇಲೆ ಸುಳ್ಳು ಹೇಳಿ ಯಾವ ಸುಖ? ಕೈ ಎತ್ತಿದವಳು ಒಂದು ಕಣ್ಣು ತೆರೆದೂ ನೋಡಿದೆ, ಅದು ನನ್ನ ಬುದ್ಧಿ. ಅರ್ಧ ಹಾಲ್ ಕೈ ಎತ್ತಿತ್ತು. ಭಜನೆಯಲ್ಲಿ ತಾಳ ಹಾಕುವವರು, ಮೊಮ್ಮಗುವನ್ನು ತೊಡೆಯಲ್ಲಿ ಕೂರಿಸಿಕೊಂಡವರು, ಮೂವತ್ತು ದಾಟದ ಇಬ್ಬರು ಸೊಸೆಯಂದಿರು. ಬಾಗಿಲ ಬಳಿ ಜಯಲತಾಳ ಕೈ ಭುಜದ ಮಟ್ಟಕ್ಕೆ ಬಂದು, ಅಲ್ಲೇ ನಿಂತು, ನಂತರ ಪೂರ್ತಿ ಮೇಲೆ ಹೋಯಿತು. ಆ ಕ್ಷಣದಲ್ಲಿ ನನಗೆ ತಲಾವ್ ಪಾಳಿಯ ಬಾತ್‌ರೂಮಿನಿಂದ ಹಿಡಿದು ಎಲ್ಲ ಅರ್ಥವಾಯಿತು. ನನ್ನ ಮೂವತ್ತು ವರ್ಷದ ಅನುಭವಕ್ಕೆ ನಾನೇ ಬೈದುಕೊಂಡೆ.

"ಇದು ಕಾಯಿಲೆ ಅಂತ ನಾಚಬೇಕಾದ್ದಲ್ಲ," ಎಂದಳು ದಿಶಾ. "ಹೆರಿಗೆ, ವಯಸ್ಸು, ಎಲ್ಲ ಸೇರಿ ಕೆಳಗಿನ ಸ್ನಾಯು ಸಡಿಲ ಆಗಿರುತ್ತದೆ. ವ್ಯಾಯಾಮ ಇದೆ. ಹೆಚ್ಚಿನವರಿಗೆ ಮೂರು ತಿಂಗಳಲ್ಲಿ ಗುಣ ಕಾಣುತ್ತದೆ."

ಹಿಂತಿರುಗುವಾಗ ರಿಕ್ಷಾದಲ್ಲಿ ಜಯಲತಾ ನನ್ನ ಕೈ ಹಿಡಿದುಕೊಂಡು ಅತ್ತಳು. ಎರಡು ವರ್ಷದಿಂದ ಈ ಕಷ್ಟ. ನಕ್ಕರೆ ಸೀರೆ ಒದ್ದೆ. ಅದಕ್ಕೇ ಗಂಡನ ತಮಾಷೆ ಶುರುವಾದರೆ ಎದ್ದು ಓಡುತ್ತಿದ್ದದ್ದು. ಅದಕ್ಕೇ ಭಜನೆ ಇಲ್ಲ, ಮದುವೆ ಇಲ್ಲ, ದೋಣಿ ಇಲ್ಲ. ನಗು ಬರುತ್ತಿರಲಿಲ್ಲ ಎಂದಲ್ಲ, ಬರುವ ನಗುವನ್ನು ಹಲ್ಲು ಕಚ್ಚಿ ಹಿಡಿದಿದ್ದಳು.

"ಡಾಕ್ಟರ್ ಹತ್ರ ಬರ್ಲಿಕ್ಕೆ ಎಂತ ಆಗಿತ್ತು ನಿಂಗೆ? ಮನೆಯವರೇ ಬಾಗಿಲಲ್ಲಿ ಕೂತಿದ್ದಾರೆ," ಎಂದೆ.

"ಅದಕ್ಕೇ ಬರ್ಲಿಲ್ಲ ರತ್ನಕ್ಕ. ನಾನು ಹೇಳಿದ್ರೆ, ಅವರು ಇಡೀ ಬೆಂಚಿನ ಮುಂದೆ ಕೂಗಿದ್ರೆ? ಬೇರೆ ಡಾಕ್ಟರ್ ಹತ್ರ ಹೋದ್ರೆ, ಗಂಡ ದವಾಖಾನೆಯಲ್ಲಿದ್ದೂ ಇವಳು ಹೊರಗೆ ಯಾಕೆ ಹೋದ್ಲು ಅಂತ ಡೊಂಬಿವಲಿ ಎಲ್ಲ ಕೇಳ್ತದೆ. ಎಲ್ಲಿಗೆ ಹೋಗುದು ನಾನು?"

ಹದಿನೈದು ವರ್ಷ ಆ ಕೂಗಿಗೆ ನಾನೂ ನಕ್ಕಿದ್ದೆನಲ್ಲ. ಇದನ್ನೆಲ್ಲ ಹೀಗೆ ಬಿಚ್ಚಿ ಬರೆಯುತ್ತಿರುವುದು ಜಯಲತಾ ಹೇಳಿದ್ದಕ್ಕೇ. "ನನ್ನ ಹೆಸರು ಹಾಕಿಯೇ ಬರೀರಿ. ಓದಿ ಇನ್ನು ಹತ್ತು ಹೆಂಗಸರು ಬಂದ್ರೆ ಬರ್ಲಿ" ಎಂದಿದ್ದಾಳೆ. ಆದರೆ ಅಂದು ರಿಕ್ಷಾದಲ್ಲಿ ನನ್ನಿಂದ ಆಣೆ ತೆಗೆದುಕೊಂಡಳು, ಗಂಡನಿಗೆ ಹೇಳಕೂಡದು ಎಂದು. ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಮೂರು ಗಂಟೆ ಸರ್ವೋತ್ತಮಣ್ಣನ ಮುಖ ನೋಡಿಕೊಂಡು ಕೂರುವುದು ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಮುಂದಿನ ಬುಧವಾರ ಜಯಲತಾ ದವಾಖಾನೆಗೆ ಬಂದಳು. ಸರ್ವೋತ್ತಮಣ್ಣನ ಕೊನೆಯ ವಾರ ಅದು. ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು, ಯಾರೊಂದಿಗೂ ಮಾತಾಡದೆ, ನಂಬರುಗಳನ್ನು ಶಾಲೆಯ ಹಾಜರಿಯಂತೆ ಕರೆಯುತ್ತಿದ್ದರು. ಹೆಂಡತಿಯನ್ನು ನೋಡಿ ಗಾಬರಿಯಿಂದ ಎದ್ದುಬಿಟ್ಟರು.

"ಎಂತಾಯ್ತು? ಜ್ವರವಾ? ಹೇಳು, ಎಂತ ತೊಂದರೆ?"

ಬೆಂಚಿನಲ್ಲಿದ್ದ ಏಳು ಜನ ಕಿವಿ ನೆಟ್ಟಗೆ ಮಾಡಿಕೊಂಡರು. ಜಯಲತಾ ಸೆರಗು ಹೊದ್ದುಕೊಂಡು, "ಡಾಕ್ಟ್ರ ಹತ್ರ ಹೇಳ್ತೇನೆ. ನಂಬರ್ ಕೊಡಿ," ಎಂದಳು.

ಮೂವತ್ನಾಲ್ಕು ವರ್ಷ ಜೊತೆಗೆ ಬಾಳಿದವಳು. ಸರ್ವೋತ್ತಮಣ್ಣ ಅವಳ ಮುಖ ನೋಡಿದರು, ಬೆಂಚನ್ನು ನೋಡಿದರು, ಮತ್ತೆ ಅವಳ ಮುಖ ನೋಡಿದರು. ಅಲ್ಲಿ ಹೆದರಿಕೆಯಿತ್ತು. ಕಾಯಿಲೆಯ ಹೆದರಿಕೆಯಲ್ಲ, ಈ ಮನುಷ್ಯ ಈಗ ಬಾಯಿ ತೆರೆದರೆ ಎಂಬ ಹೆದರಿಕೆ. ಅದು ನನಗೆ ಕಿಟಕಿಯಿಂದ ಕಂಡಿತು ಎಂದ ಮೇಲೆ ಅವರಿಗೆ ಕಾಣದೆ ಇರುತ್ತದೆಯೇ? ಒಂಬತ್ತು ಎಂದು ಬರೆದ ಚೀಟಿ ಕೊಟ್ಟರು. ಆಮೇಲೆ ನನ್ನ ಕಿಟಕಿಗೆ ಬಂದು ಚೌಕಟ್ಟನ್ನು ಹಿಡಿದುಕೊಂಡು ನಿಂತರು.

"ರತ್ನಕ್ಕ, ಬಾರದವರು ಅಂತ ಡಾಕ್ಟ್ರು ಹೇಳಿದ್ರಲ್ಲ. ಅದರಲ್ಲಿ ಇವಳೂ ಒಬ್ಬಳಾ?"

"ನಾನು ಮಾತ್ರೆ ಕೊಡುವವಳು ಸರ್ವೋತ್ತಮಣ್ಣ. ನನ್ನನ್ನು ಕೇಳಬೇಡಿ," ಎಂದೆ. ನನ್ನ ಕಣ್ಣು ಏನು ಹೇಳಿತೋ ನನಗೆ ಗೊತ್ತಿಲ್ಲ.

ಅವರು ಹೋಗಿ ಮೇಜಿನ ಹಿಂದೆ ಕೂತರು. ಸರದಿ ಬಂದಾಗ ಕೂಗಲಿಲ್ಲ. ಬೆಂಚಿನವರೆಗೂ ನಡೆದುಹೋಗಿ, ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ "ಒಂಬತ್ತು" ಎಂದರು. ಅವಳು ಒಳಗೆ ಹೋಗುವ ತನಕ ಪರದೆಯನ್ನು ತಾವೇ ಎತ್ತಿ ಹಿಡಿದರು. ಅವಳ ನಂತರ ಬಂದ ಹತ್ತು, ಹನ್ನೊಂದು, ಹನ್ನೆರಡರವರನ್ನೂ ಹಾಗೆಯೇ ಹತ್ತಿರ ಹೋಗಿ ಕರೆದರು. ತಿಂಗಳ ಕೊನೆ ಬಂತು, ಹೋಯಿತು. ಹೋಗುತ್ತೇನೆ ಎಂದ ಮನುಷ್ಯ ಒಂದನೇ ತಾರೀಖು ಎಲ್ಲರಿಗಿಂತ ಮೊದಲೇ ಬಂದು ಮೇಜು ಒರೆಸುತ್ತಿದ್ದರು. ಮುರಾರಿ ಏನೋ ಕೇಳಲು ಬಾಯಿ ತೆರೆದಾಗ ನಾನು ಅವರನ್ನು ಹೊರಗೆ ಕಳಿಸಿದೆ.

ಡಾಕ್ಟರ್ ಪರೀಕ್ಷೆ ಮಾಡಿಸಿ, ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಜಯಲತಾಳನ್ನು ದಿಶಾಳ ಕೋಣೆಗೆ ಕಳಿಸಿದಳು. ವಾರಕ್ಕೊಂದು ಸಲ ಅಲ್ಲಿ, ದಿನಾ ಮೂರು ಹೊತ್ತು ಮನೆಯಲ್ಲಿ ವ್ಯಾಯಾಮ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಉಸಿರು ಎಳೆದು, ಬಿಗಿ ಹಿಡಿದು, ಹತ್ತರವರೆಗೆ ಎಣಿಸಿ ಬಿಡುವುದು. ಸರ್ವೋತ್ತಮಣ್ಣ ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರಂತೆ. ಏನಿದು ಎಂದು ಕೇಳಲಿಲ್ಲ. ಹೆಂಡತಿಯನ್ನೂ ಕೇಳಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಬಾಯಿಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಅದೆಷ್ಟು ಕಷ್ಟದ ಕೆಲಸವಾಗಿತ್ತೆಂದು ಊಹಿಸಬಲ್ಲೆ.

ಆರನೇ ವಾರ ಒಂದು ಭಾನುವಾರ ಬೆಳಿಗ್ಗೆ, ನೀರುದೋಸೆ ಹುಯ್ಯುತ್ತ, ಬೆನ್ನು ಹಾಕಿಯೇ ಜಯಲತಾ ಎಲ್ಲ ಹೇಳಿದಳು. ಕಾವಲಿಯ ಮೇಲಿನ ದೋಸೆ ಕರಕಾಯಿತು. ಇಬ್ಬರೂ ತೆಗೆಯಲಿಲ್ಲ.

"ನೀನು ಮೊದಲೇ ಹೇಳಿದ್ರೆ ನಾನು ಕೂಗ್ತಿದ್ನಾ?" ಎಂದು ಕೇಳಿದರಂತೆ ಸರ್ವೋತ್ತಮಣ್ಣ.

"ಕೂಗ್ತಿದ್ರಿ," ಎಂದಳಂತೆ ಜಯಲತಾ.

ಅವರು, "ಹೌದು, ಕೂಗ್ತಿದ್ದೆ," ಎಂದು ಒಪ್ಪಿಕೊಂಡರಂತೆ. "ನಿಂಗೆ ನಾನು ಸಾಕಾಗಿದೆ ಅಂತ ಎಣಿಸಿದ್ದೆ ನಾನು," ಎಂದೂ ಹೇಳಿದರಂತೆ. ಇದನ್ನು ನನಗೆ ಹೇಳುವಾಗ ಜಯಲತಾ ಮತ್ತೆ ಕಣ್ಣೊರೆಸಿಕೊಂಡಳು. ನನ್ನದೂ ಒದ್ದೆಯಾಗಿತ್ತು, ಕಣ್ಣೇ ಮತ್ತೆ.

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಆಗಲಿಲ್ಲ. ಗಂಡನಿಗೆ ಈಗ ಬೇರೆ ಭೂತ ಹಿಡಿಯಿತು. ನಗಿಸಿದರೆ ಇವಳಿಗೆ ತೊಂದರೆಯಾಗುತ್ತದೆ ಎಂದು ಮನೆಯಲ್ಲಿ ತಮಾಷೆಯನ್ನೇ ನಿಲ್ಲಿಸಿಬಿಟ್ಟರು. ಹವಾಮಾನ, ತರಕಾರಿ, ಲೋಕಲ್ ಎಷ್ಟು ತಡ ಎಂಬ ಸುದ್ದಿ, ಅಷ್ಟೇ. ಟೀವಿಯಲ್ಲಿ ಹಾಸ್ಯ ಬಂದರೆ ಎದ್ದು ಚಾನೆಲ್ ಬದಲಿಸುತ್ತಿದ್ದರಂತೆ. ಜಯಲತಾ ನನ್ನ ಹತ್ತಿರ ದೂರು ತಂದಳು. "ವ್ಯಾಯಾಮ ಮಾಡಿ ಮಾಡಿ ನಾನು ಕಾಯ್ತಾ ಇದ್ದೇನೆ, ಇವರು ಬ್ಯಾಂಕ್ ಮೆನೇಜರರ ಹಾಗೆ ಕೂತಿದ್ದಾರೆ ರತ್ನಕ್ಕ! ನಗು ಬಂದ್ರೆ ಎಂತ ಆಗ್ತದೆ ಅಂತ ನೋಡುದು ಹೇಗೆ?"

ಮೂರು ತಿಂಗಳು ತುಂಬಿದ ಬುಧವಾರ. ದವಾಖಾನೆ ತುಂಬಿತ್ತು. ಜಯಲತಾ ದಿಶಾಳ ಕೋಣೆಯಲ್ಲಿದ್ದಳು, ಬಾಗಿಲು ಮುಚ್ಚಿತ್ತು. ಸರ್ವೋತ್ತಮಣ್ಣ ಚೀಟಿ ಹಿಡಿದು ಹದಿನಾಲ್ಕನೆಯವರ ಹತ್ತಿರ ಹೋಗುತ್ತಿದ್ದರು. ಒಳಗೆ ದಿಶಾ, ಮಾತಿಗೆ ಮಾತು ಬಂದು, ಮಗಳು ಹುಟ್ಟಿದ್ದು ಎಲ್ಲಿ ಎಂದು ಕೇಳಿದಳಂತೆ. ಜಯಲತಾ ಮಗಳು ಕುಶಲ ಹುಟ್ಟಿದ ದಿನದ ಕತೆ ತೆಗೆದಳು. ಕಲ್ಯಾಣದ ಹೆರಿಗೆ ಆಸ್ಪತ್ರೆ. ಹೋಟೆಲಿನಿಂದ ನೇರ ಓಡಿಬಂದಿದ್ದ ಸರ್ವೋತ್ತಮಣ್ಣನ ಕೈಗೆ ನರ್ಸು ಕೂಸನ್ನು ಕೊಟ್ಟಿದ್ದಾಳೆ. ಇವರು ಕಾರಿಡಾರ್ ಉದ್ದಕ್ಕೂ ಕೇಳುವಂತೆ, "ಒಂದು ಹೆಣ್ಣು, ಬಿಸಿಬಿಸಿ!" ಎಂದು ಕೂಗಿದ್ದಾರೆ.

ಹೇಳುತ್ತ ಹೇಳುತ್ತ ಜಯಲತಾಳಿಗೆ ತಡೆಯಲಾಗಲಿಲ್ಲ. ನಮಗೆ ಹೊರಗೆ ಕೇಳಿಸಿದ್ದು ನಗು ಮಾತ್ರ. ಮುಚ್ಚಿದ ಬಾಗಿಲನ್ನು ದಾಟಿ ಬಂತು, ನನ್ನ ಕಿಟಕಿಯನ್ನೂ ದಾಟಿ ಬೀದಿಗೆ ಹೋಯಿತು. ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಬಂತು. ಪರದೆ ಸರಿಸಿ ನಿಶ್ಮಿತಾ ಹೊರಗೆ ಇಣುಕಿದಳು. ಸುಮ್ಮನಿರಿ ಎಂದು ಹೇಳಲು ಬಂದವಳಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ಸರ್ವೋತ್ತಮಣ್ಣ ಬೆಂಚಿನ ನಡುವೆ ನಿಂತುಬಿಟ್ಟಿದ್ದರು. ಖುಷಿಯೋ ಭಯವೋ, ಎರಡೂ ಸೇರಿತ್ತೋ, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ಅಣ್ಣ, ಹದಿನಾಲ್ಕು ನಾನೇ, ಹೋಗ್ಲಾ?" ಎಂದರು ಬೆಂಚಿನಲ್ಲಿದ್ದವರು.

"ಒಂದು ನಿಮಿಷ ತಡೀರಿ ಮಾರಾಯ್ರೆ."

ಬಾಗಿಲು ತೆರೆದು ಜಯಲತಾ ಬಂದಳು. ನಗು ಇನ್ನೂ ಮುಖದಲ್ಲೇ ಇತ್ತು. ಬಾತ್‌ರೂಮಿನ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ನಡೆದು ಗಂಡನ ಎದುರು ನಿಂತು, ತುಳುವಿನಲ್ಲಿ, ಮೆಲ್ಲಗೆ, "ದಾಲ ಆತಿಜಿ" ಎಂದಳು. ಏನೂ ಆಗಲಿಲ್ಲ ಎಂದರ್ಥ.

ಬೆಂಚಿನಲ್ಲಿದ್ದ ಯಾರಿಗೂ ಅದರ ತಲೆಬುಡ ತಿಳಿಯಲಿಲ್ಲ. ಏನಾಗಲಿಲ್ಲ, ಯಾರಿಗಾಗಲಿಲ್ಲ ಎಂದು ಅವರವರೇ ಕೇಳಿಕೊಂಡರು. ಬೆಂಚಿನ ಬಳಿ ಹೇಳಲು ಗೊತ್ತಿದ್ದ ಒಬ್ಬನೇ ಮನುಷ್ಯ ಹೆಂಡತಿಯ ಕೈಚೀಲ ಇಸಿದುಕೊಂಡು, ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಹದಿನಾಲ್ಕನೆಯವರನ್ನು ಒಳಗೆ ಕಳಿಸಿದರು. ಯಾರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.